ನಾನು ನೋಡದೆ ಬಿಟ್ಟ ಕವಲುಗಳು

ಅವು ಗೀರುಗಳಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೀರುಗಳೆಂದೆ. ಆ ಒಂದು ಮಾತಿನಿಂದ ಅನಸೂಯಾ ಎಂಬ ನನ್ನ ಸಹಪಾಠಿ ತನ್ನ ಕಣ್ಣುಗಳನ್ನು ನಂಬುವುದನ್ನೇ ಬಿಟ್ಟಳು, ಪ್ರಯೋಗಾಲಯವನ್ನೂ ಬಿಟ್ಟಳು. ನಾನು ಉಳಿದೆ. ಡಾಕ್ಟರೇಟ್ ಪಡೆದೆ, ನಾರಾಯಣಪೇಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟೆ, ನಿವೃತ್ತನಾದೆ. ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿದ್ದೂ ಅಪರೂಪ.

ನಾನು ಮಕ್ತಲದವನು, ಆಕೆ ಗದ್ವಾಲದವಳು. ಹೈದರಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ ಇಬ್ಬರೂ ಒಂದೇ ಸಂಶೋಧನಾ ತಂಡಕ್ಕೆ ಸೇರಿದ್ದೆವು. ಆ ತಂಡದಲ್ಲಿ ಕನ್ನಡ ಮಾತಾಡುವವರೆಂದರೆ ನಾವಿಬ್ಬರೇ. ಮಿಕ್ಕವರೊಡನೆ ತೆಲುಗು, ತಂಡ ನಡೆಸುತ್ತಿದ್ದ ನಮ್ಮ ಪ್ರೊಫೆಸರ್, ಅಂದರೆ ಸರ್ ಜೊತೆ ಇಂಗ್ಲಿಷು, ಕ್ಯಾಂಟೀನಿನಲ್ಲಿ ಉರ್ದು — ನಮ್ಮೊಳಗೆ ಮಾತ್ರ ಊರಿನ ಮಾತು. ರಜೆ ಮುಗಿಸಿ ಬರುವಾಗ ಆಕೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು, ನಾನು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಆ ರೊಟ್ಟಿಯ ಅಂಚು ಮುರಿಯುವ ಸದ್ದು ಈಗಲೂ ಕಿವಿಯಲ್ಲಿದೆ ಎಂದುಕೊಳ್ಳುತ್ತೇನೆ. ಇದೆಯೋ, ಇರಬೇಕೆಂಬ ಆಸೆಯೋ — ಈ ವಯಸ್ಸಿನಲ್ಲಿ ಬೇರೆ ಮಾಡಿ ಹೇಳಲಾರೆ.

ಕೆಲಸ ಇಷ್ಟು: ದೂರದ ದೇಶವೊಂದರ ದೊಡ್ಡ ಪ್ರಯೋಗಾಲಯದಲ್ಲಿ ಕೆ ಮೆಸಾನ್ ಎಂಬ ಅತಿ ಸಣ್ಣ ಕಣಗಳನ್ನು ಭಾರೀ ವೇಗದಲ್ಲಿ ದ್ರವ ಹೈಡ್ರೋಜನ್ ತುಂಬಿದ ತೊಟ್ಟಿಯೊಳಗೆ ಹಾಯಿಸುತ್ತಿದ್ದರು. ಹೈಡ್ರೋಜನ್ ಪರಮಾಣುವಿನ ನಡುವೆ ಇರುವುದು ಪ್ರೋಟಾನು. ಮೆಸಾನು ಅದಕ್ಕೆ ಡಿಕ್ಕಿ ಹೊಡೆದಾಗ ಹೊಸ ಕಣಗಳು ಹುಟ್ಟುತ್ತವೆ. ವಿದ್ಯುದಂಶವಿರುವ ಕಣ ಹಾದುಹೋದ ದಾರಿಯಲ್ಲಿ ಸಣ್ಣ ಗುಳ್ಳೆಗಳ ಗೆರೆ ಮೂಡುತ್ತದೆ. ಮೂರು ಕ್ಯಾಮೆರಾಗಳು ಮೂರು ಕಡೆಯಿಂದ ಅದರ ಚಿತ್ರ ತೆಗೆಯುತ್ತಿದ್ದವು. ಆ ಫಿಲ್ಮಿನ ರೀಲುಗಳು ನಮ್ಮಲ್ಲಿಗೆ ಬರುತ್ತಿದ್ದವು. ಕಪ್ಪು ಪರದೆ ಎಳೆದ ಕೋಣೆಯಲ್ಲಿ, ಬಿಳಿಯ ಮೇಜಿನ ಮೇಲೆ ಪ್ರೊಜೆಕ್ಟರಿನಿಂದ ಅವುಗಳ ಬಿಂಬ ಬೀಳಿಸಿ, ಒಂದೊಂದೇ ಚಿತ್ರ ನೋಡುತ್ತ ಏನೇನು ಹುಟ್ಟಿದೆ ಎಂದು ಗುರುತು ಹಾಕುವುದು ನಮ್ಮ ಪಾಲು.

ನಾವು ಹುಡುಕುತ್ತಿದ್ದದ್ದು ಕವಲುಗಳನ್ನು. ಹುಟ್ಟಿದ ಕಣಗಳಲ್ಲಿ ಕೆಲವಕ್ಕೆ ವಿದ್ಯುದಂಶ ಇರುವುದಿಲ್ಲ. ಅವು ಗೆರೆ ಬಿಡದೆ ಸಾಗುತ್ತವೆ. ಸ್ವಲ್ಪ ದೂರ ಹೋಗಿ ಒಡೆದಾಗ ಮಾತ್ರ, ಏನೂ ಇಲ್ಲದ ಜಾಗದಲ್ಲಿ ಎರಡು ಗೆರೆಗಳ ಕವಲೊಂದು ತೆರೆದುಕೊಳ್ಳುತ್ತದೆ. ಅದೆಷ್ಟು ಚಂದ! ಮೊದಲ ಸಲ ಕಂಡ ದಿನ ಅನಸೂಯಾ ಮೇಜಿನ ಮೇಲೆ ಅಂಗೈ ಇಟ್ಟು, ಬೆಳಕು ಬೆರಳಿನ ಮೇಲೆ ಬೀಳುತ್ತಿರಲು, ಬಹಳ ಹೊತ್ತು ಹಾಗೇ ನಿಂತಿದ್ದಳು.

ಕಣ್ಣು ತಪ್ಪುವುದು ಸಹಜ. ಆದ್ದರಿಂದ ಒಂದೇ ರೀಲನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬಾರದು. ಇಬ್ಬರ ನೋಟ ಹೊಂದದ ಚಿತ್ರಗಳನ್ನು ಮೂರನೆಯವರು ನೋಡಿ ತೀರ್ಮಾನಿಸಬೇಕು. ಆ ಮೂರನೆಯವರು ಸರ್.

ಊಟವಾದ ಮೇಲೆ ಆ ಕತ್ತಲೆ ಕೋಣೆಯಲ್ಲಿ ನನಗೆ ತೂಕಡಿಕೆ ಬರುತ್ತಿತ್ತು. ದೀಪದ ಶಾಖ, ಪ್ರೊಜೆಕ್ಟರಿನ ಫ್ಯಾನಿನ ಒಂದೇ ಸಮನೆ ಸದ್ದು — ಕೈ ತಾನಾಗಿ ಗುಂಡಿ ಒತ್ತುತ್ತಿತ್ತು, ಚಿತ್ರಗಳು ಸರಿದು ಹೋಗುತ್ತಿದ್ದವು. ಪಕ್ಕದ ಮೇಜಿನಿಂದ ಅನಸೂಯಾ ಕೆಣಕುತ್ತಿದ್ದಳು.

"ಏನಪಾ ಮಕ್ತಲ್, ಕವಲು ನೋಡಾಕತ್ತೀಯೋ, ನಿದ್ದಿ ಮಾಡಾಕತ್ತೀಯೋ?"

ನನ್ನ ಹೆಸರು ಹಿಡಿದು ಆಕೆ ಎಂದೂ ಕರೆದವಳಲ್ಲ. ಊರಿನ ಹೆಸರೇ ನನ್ನ ಹೆಸರು. ನಾನು ನಕ್ಕು ಕಣ್ಣುಜ್ಜಿಕೊಂಡು ಮುಂದುವರಿಯುತ್ತಿದ್ದೆ. ಸರಿದುಹೋದ ಚಿತ್ರಗಳಿಗೆ ಹಿಂದಿರುಗುತ್ತಿರಲಿಲ್ಲ.

ಒಂದು ರೀಲಿನಲ್ಲಿ ಇದು ಹೊರಬಿತ್ತು. ಆಕೆ ಗುರುತಿಸಿದ ಹಲವು ಕವಲುಗಳು ನನ್ನ ನೋಟದಲ್ಲಿ ಇರಲೇ ಇಲ್ಲ. ಸರ್‌ಗೆ ಕಸಿವಿಸಿಯಾಯಿತು. ಅವರು ನಮ್ಮಿಬ್ಬರನ್ನೂ ಕರೆದು, ನಿಮ್ಮಲ್ಲಿ ಒಬ್ಬರು ಇದ್ದದ್ದನ್ನು ಬಿಡುತ್ತಿದ್ದೀರಿ, ಇಲ್ಲವೇ ಇನ್ನೊಬ್ಬರು ಇಲ್ಲದ್ದನ್ನು ಸೇರಿಸುತ್ತಿದ್ದೀರಿ ಎಂದರು. ರೀಲನ್ನು ಬೇಗನೆ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು; ಅವರು ಅಂದೇ ಯಾವುದೋ ಸಭೆಗೆ ಹೊರಟಿದ್ದರು. ಆಗ ಅವರು ಮಾಡಬಾರದ ಒಂದು ಕೆಲಸ ಮಾಡಿದರು — ಹೊಂದದ ಚಿತ್ರಗಳನ್ನು ಮತ್ತೆ ನೋಡಿ ಹೇಳು ಎಂದು ನನಗೇ ಒಪ್ಪಿಸಿದರು. ಇಬ್ಬರಲ್ಲಿ ಒಬ್ಬನೇ ಮೂರನೆಯವನಾದ. ಏಕೆ ನನಗೆ, ಆಕೆಗೆ ಏಕಲ್ಲ? ಗಂಡುಹುಡುಗ ಎಂದೇ? ನಾನು ಹೆಚ್ಚು ಗಂಭೀರನಂತೆ ಕಾಣುತ್ತಿದ್ದೆ ಎಂದೇ? ಆಗ ಕೇಳಿಕೊಳ್ಳಲಿಲ್ಲ.

ಕೋಣೆಗೆ ಹೋಗಿ ಮೊದಲನೆಯ ಚಿತ್ರ ಹಾಕಿದೆ. ಬಲಗಡೆ, ಅಂಚಿನ ಹತ್ತಿರ, ತೆಳ್ಳಗೆ ಒಂದು ಕವಲು. ಫಿಲ್ಮಿನ ಮೇಲೆ ಗೀರು ಬಿದ್ದರೂ ಒಮ್ಮೊಮ್ಮೆ ಹಾಗೆ ಕಾಣುವುದುಂಟು. ಆದರೆ ಗೀರು ಬೀಳುವುದು ಒಂದು ಕ್ಯಾಮೆರಾದ ಫಿಲ್ಮಿನ ಮೇಲೆ ಮಾತ್ರ. ನಿಜವಾದ ಗೆರೆ ಮೂರರಲ್ಲೂ ಇರುತ್ತದೆ. ಎರಡನೆಯ ಕ್ಯಾಮೆರಾದ ಚಿತ್ರ ಹಾಕಿದೆ. ಇತ್ತು. ಮೂರನೆಯದು ಹಾಕಿದೆ — ಇತ್ತು.

ಅಲ್ಲಿಗೆ ದೀಪ ಆರಿಸಿಬಿಟ್ಟೆ. ಉಳಿದ ಚಿತ್ರಗಳನ್ನು ನೋಡಲಿಲ್ಲ. ನೋಡಿದರೆ ಅವೂ ಇರುತ್ತವೆ ಎಂಬ ಭಯ. ಇದ್ದರೆ ನಾನು ನಿದ್ದೆ ಮಾಡಿದ್ದು ಗೊತ್ತಾಗುತ್ತದೆ, ತಂಡದಿಂದ ಹೊರಗೆ ಹಾಕುತ್ತಾರೆ... ಹೀಗೆ ಏನೇನೋ. ಹೊರಡಲು ನಿಂತಿದ್ದ ಸರ್ ಹತ್ತಿರ ಹೋಗಿ ಹೇಳಿದೆ:

"ಸ್ಕ್ರ್ಯಾಚ್ ಸರ್. ಎಲ್ಲಾ ಸ್ಕ್ರ್ಯಾಚ್."

ಅವರು ತಲೆಯಾಡಿಸಿದರು. ಅಷ್ಟೆ. ನನಗೆ ಆಗ ದಿನಚರಿ ಬರೆಯುವ ರೂಢಿ ಇತ್ತು. ಆ ದಿನದ ಪುಟವನ್ನು ಈಚೆಗೆ ತೆಗೆದು ನೋಡಿದೆ. ಮೆಸ್ಸಿನ ಸಾರು ಹಳಸಿತ್ತು ಎಂದು ಬರೆದಿದ್ದೇನೆ. ಬೇರೇನೂ ಇಲ್ಲ. ಅಂಥ ಕೈ ಇಂದು ನಿಜ ಬರೆಯುತ್ತಿದೆ ಎಂದು ನಂಬಿರೆಂದು ಯಾವ ಬಾಯಿಂದ ಹೇಳಲಿ?

ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿದ್ದಾಗ ಮಾತು ಆ ರೀಲಿನ ಕಡೆ ಹೊರಳಿತು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಆದರೂ ನಾನೇ ನಗುತ್ತ ಹೇಳಿದೆ, "ಅನಸೂಯಾನ ಕಣ್ಣಿಗೆ ಇಲ್ಲದ್ದೂ ಕಾಣತೈತಿ." ಕನ್ನಡ ತಿಳಿಯದವರಿಗಾಗಿ ತೆಲುಗಿನಲ್ಲೂ ಹೇಳಿದೆ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು — ನಕ್ಕಳೆಂದೇ ನನ್ನ ನೆನಪು.

ಆಕೆಯನ್ನು ಫಿಲ್ಮ್ ನೋಡುವ ಕೆಲಸದಿಂದ ತೆಗೆದರು. ಆಕೆ ಕಣ್ಣಿನ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡಳು. ಕೆಲವು ತಿಂಗಳಿಗೆ ಊರಿಗೆ ಹೊರಟುನಿಂತಳು. ಗದ್ವಾಲದ ರೈಲಿಗೆ ಆಕೆಯ ಟ್ರಂಕು ಹೊತ್ತುಕೊಂಡು ಹೋದವನು ನಾನೇ. ಕಿಟಕಿಯ ಬಳಿ ಕೂತು ಆಕೆ ಅಂದದ್ದು ಮಾತ್ರ ಮರೆತಿಲ್ಲ:

"ಡಾಕ್ಟರು ಕಣ್ಣಾಗ ಏನೂ ದೋಷ ಇಲ್ಲ ಅಂದ್ರು. ಅಂದಮ್ಯಾಲ ನನ್ನ ಮನಸಿನಾಗಽ ಏನೋ ಐತಪಾ."

ಹೇಳಬಹುದಿತ್ತು. ರೈಲು ತಡವಾಗಿತ್ತು, ಬೇಕಾದಷ್ಟು ಹೊತ್ತಿತ್ತು. ನೀರಿನ ಬಾಟಲಿ ತುಂಬಿಸಿಕೊಟ್ಟು ಬಂದೆ.

ನಮ್ಮ ತಂಡದ ಫಲಿತಾಂಶ ಪ್ರಕಟವಾಯಿತು, ನನ್ನ ಹೆಸರಿನೊಡನೆ. ಮೆಸಾನು-ಪ್ರೋಟಾನು ಡಿಕ್ಕಿಯಲ್ಲಿ ಅಂಥ ಕಣಗಳು ಎಷ್ಟು ಹುಟ್ಟುತ್ತವೆ ಎಂಬ ಲೆಕ್ಕದಲ್ಲಿ ನಮ್ಮದು ಒಂದು ಹನಿ. ನನ್ನ ಸುಳ್ಳು ಆ ಹನಿಯಲ್ಲಿ ಒಂದು ಧೂಳಿನ ಕಣ. ವಿಜ್ಞಾನಕ್ಕೆ ಏನೂ ಆಗಲಿಲ್ಲ. ಬಹಳ ವರ್ಷ ಇದನ್ನೇ ಸಮಾಧಾನವೆಂದು ಇಟ್ಟುಕೊಂಡಿದ್ದೆ. ಆಗಿದ್ದು ಒಬ್ಬಳಿಗೆ, ಮತ್ತು ಆಕೆ ಲೆಕ್ಕದಲ್ಲಿ ಇರಲಿಲ್ಲ.

ಈ ವರ್ಷ ಮಗಳ ನಿಶ್ಚಿತಾರ್ಥಕ್ಕೆ ಸೀರೆ ತರಲು ಗದ್ವಾಲಕ್ಕೆ ಹೋದೆ. ಸೀರೆಗೇ ಹೆಸರಾದ ನಾರಾಯಣಪೇಟೆಯಲ್ಲಿದ್ದು ಗದ್ವಾಲದ ಸೀರೆ ಕೊಳ್ಳುತ್ತೀರಾ ಎಂದು ನೆರೆಯವರು ಆಡಿಕೊಂಡರು. ಮಗಳ ಹಠ ಎಂದೆ. ನಿಜವೇ, ಆದರೆ ಪೂರ್ತಿ ನಿಜವಲ್ಲ. ಅನಸೂಯಾಳ ಅಣ್ಣನ ಮನೆಯಲ್ಲಿ ಮಗ್ಗಗಳಿವೆ, ಮುಂದಿನ ಪಡಸಾಲೆಯೇ ಅಂಗಡಿ ಎಂದು ನನಗೆ ತಿಳಿದಿತ್ತು.

ಆಕೆ ಅಲ್ಲೇ ಇದ್ದಳು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತಳಾಗಿದ್ದಾಳೆ. ನನ್ನನ್ನು ಕಂಡ ಕೂಡಲೇ, "ಮಕ್ತಲ್ ಬಂತಲ್ಲವ್ವ!" ಎಂದಳು. ಎಷ್ಟು ನಕ್ಕೆವು! ಆ ಕತ್ತಲೆ ಕೋಣೆ, ರೊಟ್ಟಿ, ಸರ್ ಹಾಕಿಕೊಳ್ಳುತ್ತಿದ್ದ ಗಿಡ್ಡ ಟೈ — ಎಲ್ಲವೂ ಬಂದು ಹೋಯಿತು. ನಾನು ಆರಿಸಿದ ಸೀರೆಯನ್ನು ಮಡಚುವಾಗ ಆಕೆಯ ಬೆರಳು ಅಂಚಿನ ದಡಿ ಸೀರೆಯ ಒಡಲಿಗೆ ಸೇರುವ ಕಡೆ ನಿಂತಿತು. ಇಲ್ಲಿ ನೋಡು, ಎಳೆ ಕೂಡಿಲ್ಲ ಅಲ್ಲ, ಎಂದು ಅಣ್ಣನ ಮಗಳನ್ನು ಕರೆದಳು. ಆ ಹುಡುಗಿ ಗಿರಾಕಿಗಳ ನಡುವಿನಿಂದಲೇ ಕಣ್ಣು ಹಾಯಿಸಿ, ಏನೂ ಇಲ್ಲ ಎಂದಳು. ಅನಸೂಯಾ ತಕ್ಷಣ ಕೈ ತೆಗೆದಳು. ಹುಡುಗಿ ನನ್ನ ಕಡೆ ತಿರುಗಿ ನಕ್ಕಳು:

"ನಮ್ಮ ಅತ್ತಿ ಕಣ್ಣಿಗೆ ಇಲ್ಲದ್ದೂ ಕಾಣತೈತ್ರಿ ಸರ್. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

ಅದು ನನ್ನ ಮಾತು. ಅನಸೂಯಾ ಅದನ್ನು ತನ್ನ ಜೊತೆ ಊರಿಗೆ ಒಯ್ದು, ತಾನೇ ಮನೆಯವರಿಗೆ ಕಲಿಸಿದ್ದಳು. ಈ ಹುಡುಗಿ ಹುಟ್ಟುವ ಮೊದಲಿನಿಂದ ಅದು ಆ ಮನೆಯಲ್ಲಿ ಓಡಾಡುತ್ತಿದೆ. ನಾನು ಸೀರೆಯ ಚೀಲ ಹಿಡಿದು ಮನೆಗೆ ಬಂದೆ. ಬಿಡಿಸಿ ಬೆಳಕಿಗೆ ಹಿಡಿದೆ. ಎಳೆ ಕೂಡಿರಲಿಲ್ಲ.

ಮರುವಾರ ಮತ್ತೆ ಹೋದೆ.

"ಯಾಕಪಾ, ಸೀರಿ ವಾಪಸ್ ತಂದ್ಯೇನು?" ಎಂದಳು.

ಸೀರೆಯ ಮಾತಲ್ಲ ಎಂದೆ. ಅಣ್ಣನ ಮಗಳು ಎದ್ದು ಒಳಗೆ ಹೋಗಹೊರಟಳು. ಇರಮ್ಮ, ನೀನೂ ಕೇಳಬೇಕು ಎಂದೆ. ಆ ಮಾತನ್ನು ನಾಲ್ಕು ಜನರೆದುರು ಆಡಿದ್ದೆ, ಇದನ್ನು ಮಾತ್ರ ಗುಟ್ಟಾಗಿ ಹೇಳುವುದು ಹೇಗೆ? ನಿದ್ದೆಯಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲವನ್ನೂ ಹೇಳಿದೆ. ಕೊನೆಗೆ, "ಮೂರೂ ಕ್ಯಾಮೆರಾದಾಗ ಇತ್ತು, ಅನಸೂಯಾ. ನೀ ಕಂಡಿದ್ದು ಖರೇನಽ ಇತ್ತು," ಎಂದೆ.

ಒಳಗೆ ಮಗ್ಗದ ಸದ್ದು ನಡೆದೇ ಇತ್ತು. ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ — ಎಲ್ಲಕ್ಕೂ ಸಿದ್ಧನಾಗಿ ಹೋಗಿದ್ದೆ. ಆಕೆ ಕೇಳಿದ್ದು ಬೇರೆ.

"ಅದು ಒಂದು ಚಿತ್ರ ಆತು. ಉಳಿದವು?"

"ಉಳಿದವು ನೋಡಲಿಲ್ಲ."

"ಒಂದೂ?"

"ಒಂದೂ ನೋಡಲಿಲ್ಲ."

ಆ ರೀಲು ಈಗ ಎಲ್ಲೈತಿ ಎಂದಳು. ಹಳೆಯ ಫಿಲ್ಮುಗಳನ್ನೆಲ್ಲ ಎಂದೋ ಗುಜರಿಗೆ ಹಾಕಿದರೆಂದು ಕೇಳಿದ್ದೇನೆ ಎಂದೆ.

"ಹಂಗಾರ ಅವು ಖರೇನೋ ಸುಳ್ಳೋ ನಿನಗೂ ಗೊತ್ತಿಲ್ಲ," ಎಂದಳು, ಮಕ್ಕಳಿಗೆ ಲೆಕ್ಕ ಬಿಡಿಸಿ ಹೇಳುವಷ್ಟು ನಿಧಾನವಾಗಿ. "ಇನ್ನ ಯಾರಿಗೂ ಗೊತ್ತಾಗಂಗಿಲ್ಲ."

ಅಂದು ದೀಪ ಆರಿಸದೆ ಇನ್ನಷ್ಟು ಹೊತ್ತು ನೋಡಿದ್ದರೆ — ಆಮೇಲೆ ಸುಳ್ಳೇ ಹೇಳಿದ್ದರೂ — ಇಂದು ಆಕೆಗೆ ಉತ್ತರ ಕೊಡಬಹುದಿತ್ತು. ಆಕೆಯಿಂದ ಕಸಿದದ್ದನ್ನು ಹಿಂದಿರುಗಿಸಲು ಬಂದವನ ಕೈಯಲ್ಲಿ ಇದ್ದದ್ದು ಅದರ ಒಂದು ಚೂರು.

ಅದುವರೆಗೆ ಕನ್ನಡದಲ್ಲೇ ಮಾತಾಡುತ್ತಿದ್ದ ಆಕೆ, ಅಣ್ಣನ ಮಗಳಿಗೆ ಚಹಾ ತರಲು ತೆಲುಗಿನಲ್ಲಿ ಹೇಳಿದಳು. ಹುಡುಗಿ ನನ್ನ ಮುಖ ನೋಡದೆ ಲೋಟ ಇಟ್ಟಳು. ಕುಡಿದು ಎದ್ದೆ. ಕ್ಷಮೆ ಕೇಳಬೇಕೆಂದು ಹೋಗಿದ್ದೆ, ಕೇಳಲಿಲ್ಲ. ಕೇಳಿದ್ದರೆ ಅನಸೂಯಾ ಕ್ಷಮಿಸಿಬಿಡುತ್ತಿದ್ದಳು, ನಾನು ಹಗುರಾಗಿಬಿಡುತ್ತಿದ್ದೆ.