ದೊಡ್ಡಮ್ಮನ ಬಲಗಿವಿ

ಒಣಗಿದ ತೆಂಗಿನಕಾಯಿಯನ್ನು ಬಲಗಿವಿಯ ಹತ್ತಿರ ಹಿಡಿದು ಅಲುಗಿಸುವಾಗ ನಮ್ಮ ದೊಡ್ಡಮ್ಮನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಕೊಬ್ಬರಿ ಕರಟ ಬಿಟ್ಟು ಗಡಗಡ ಎಂದರೆ ಸುಲಿಯುವ ರಾಶಿಗೆ, ನೀರಿನ ಸದ್ದಿನ್ನೂ ಇದ್ದರೆ ವಾಪಸ್ ಅಟ್ಟಕ್ಕೆ. ಗುಬ್ಬಿ ಕಡೆಯ ಆ ಊರಿನಲ್ಲಿ ಅಕ್ಕಪಕ್ಕದವರೂ ತಮ್ಮ ಕಾಯಿ ನೋಡಲು ಅವಳನ್ನೇ ಕರೆಯುತ್ತಿದ್ದರು.

ಅವಳು ನನ್ನಮ್ಮನ ಅಕ್ಕ. ಮಕ್ಕಳಿರಲಿಲ್ಲ. ನನ್ನ ರಜೆಗಳೆಲ್ಲ ಅಲ್ಲೇ ಕಳೆದವು. ಬೇಡ ಎನ್ನುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಮುದ್ದೆ ಬಿದ್ದಿರುತ್ತಿತ್ತು. "ಸುಮ್ಕೆ ಉಣ್ಣು" ಎನ್ನುತ್ತಿದ್ದಳು. ಅವಳಿಗಿದ್ದ ಒಂದೇ ಚಟ ಕಿವಿ ಕೆರೆಯುವುದು. ಕೆಲಸ ಮುಗಿಸಿ ಕೂತಳೆಂದರೆ ತಲೆಯಿಂದ ಹೇರ್‌ಪಿನ್ ತೆಗೆದು ಕಿವಿಗೆ ಹಾಕುತ್ತಿದ್ದಳು. "ಗುಗ್ಗೆ ತೆಗೀದಿದ್ರೆ ಕಿವಿ ಮಂದ ಆಯ್ತದೆ ಕಣೇ" ಎಂದು ನನ್ನನ್ನೂ ತೊಡೆಯ ಮೇಲೆ ಮಲಗಿಸಿಕೊಂಡು ಎಷ್ಟೋ ಸಲ ಅದೇ ಪಿನ್ನು ಆಡಿಸಿದ್ದಳು. ನನಗೆ ಅಲ್ಲೇ ನಿದ್ದೆ ಬರುತ್ತಿತ್ತು. ಈಗ ನೆನೆದರೆ ಮೈ ಜುಂ ಎನ್ನುತ್ತದೆ.

ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಖಾಯಂ ಆದ ವಾರ, ಭಾನುವಾರ ಬೆಳಿಗ್ಗೆ, ಫೋನೂ ಮಾಡದೆ ಸ್ವೀಟ್ ಬಾಕ್ಸ್ ಹಿಡಿದು ಊರಿಗೆ ಹೋದೆ. ದೊಡ್ಡಪ್ಪ ತೋಟದಲ್ಲಿದ್ದರು. ದೊಡ್ಡಮ್ಮ ಹಿತ್ತಲ ಮೆಟ್ಟಿಲ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹೋಗಿ, ಹಿಂದಿನಿಂದ ಗಟ್ಟಿಯಾಗಿ ತಬ್ಬಿದೆ.

ಅವಳು ಕಿರುಚಿಕೊಂಡಳು. ಬೆಚ್ಚಿಬಿದ್ದಳೆಂದು ನಾನು ನಕ್ಕೆ. ತಿರುಗಿದಾಗ ಪಿನ್ನು ಕಿವಿಯೊಳಗೇ ಇತ್ತು. ರಕ್ತ ದವಡೆಯ ಗುಂಟ ಇಳಿದು ಸೆರಗಿಗೆ ತೊಟ್ಟಿಕ್ಕುತ್ತಿತ್ತು. ನನ್ನ ನಗು ಬಾಯಲ್ಲೇ ಒಣಗಿತು. ಅವಳೇ ಪಿನ್ನು ಎಳೆದು ಹಾಕಿದಳು.

ಪಕ್ಕದ ಮನೆಯಾಕೆ ಸೌಟಿನಲ್ಲಿ ಎಣ್ಣೆ ಬಿಸಿ ಮಾಡಿಕೊಂಡು ಓಡಿಬಂದರು. "ಬುಡವ್ವ ಎರಡು ತೊಟ್ಟು, ರಕ್ತ ನಿಂತ್ಕತದೆ." ನಾನೇ ಸೌಟು ಈಸಿಕೊಂಡೆ. ಅಷ್ಟರಲ್ಲಿ ದೊಡ್ಡಮ್ಮ ತಲೆ ಸುತ್ತಿ ವಾಂತಿ ಮಾಡಿಕೊಂಡಳು. ಎಣ್ಣೆ ನೆಲಕ್ಕೆ ಚೆಲ್ಲಿತು. ಸಿಕ್ಕಿದ ಆಟೋದಲ್ಲಿ ಗುಬ್ಬಿ, ಅಲ್ಲಿಂದ ತುಮಕೂರು.

"ಏನ್ ಮಾಡ್ಕೊಂಡ್ರಮ್ಮ?" ಎಂದರು ಕಿವಿ ಡಾಕ್ಟರ್. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಹೇಳಿದಳು: "ಕೆರ್ಕತಿದ್ದೆ. ಕೈ ಜಾರ್ತು."

ದಂಗಾಗಿ ಅವಳ ಮುಖ ನೋಡಿದೆ. ಅವಳು ನೋಡಲಿಲ್ಲ, ನನ್ನ ಕೈಯನ್ನು ಅಮುಕಿದಳು, ಅಷ್ಟೆ.

"ಕಿವಿ ತಮಟೆ ತೂತಾಗಿದೆ. ಒಳಗಿನ ಸಣ್ಣ ಮೂಳೆಗೂ ಪೆಟ್ಟು ಬಿದ್ದಿದೆ. ನೀರಾಗಲಿ ಎಣ್ಣೆಯಾಗಲಿ ಒಂದು ತೊಟ್ಟೂ ಹೋಗಬಾರದು" ಎಂದರು ಡಾಕ್ಟರ್. ನನಗೆ ಸೌಟು ನೆನಪಾಯಿತು.

"ಹಂಗಾದ್ರೆ ಗುಗ್ಗೆ ಹೆಂಗೆ ತೆಗೆಯೋದು ಮೇಡಂ?" ಎಂದಳು ದೊಡ್ಡಮ್ಮ.

"ತೆಗಿಯೋದ್ಯಾಕೆ? ಅದು ಕೊಳೆ ಅಲ್ಲಮ್ಮ, ಕಿವೀನ ಕಾಯೋದೇ ಅದು. ತಾನಾಗೇ ಆಚೆ ಬರುತ್ತೆ. ಹೊರಗೆ ಬಂದಿದ್ದನ್ನ ಬಟ್ಟೇಲಿ ಒರೆಸಿ, ಸಾಕು. ಪಿನ್ನೂ ಬೇಡ, ಬಡ್ಸೂ ಬೇಡ. ಬಡ್ಸು ಇನ್ನೂ ಒಳಕ್ಕೆ ತಳ್ಳುತ್ತೆ. ಕಿವಿ ಕಟ್ಕೊಂಡ್ರೆ ಇಲ್ಲಿಗೆ ಬನ್ನಿ."

ವಾಪಸ್ ಬಸ್ಸಿನಲ್ಲಿ ಅವಳ ಎಡಗಿವಿಗೆ ಬಾಗಿ ಕೇಳಿದೆ: "ಯಾಕೆ ಸುಳ್ಳು ಹೇಳ್ದೆ?"

"ನಿನ್ ಹೆಸ್ರು ಹೇಳಿದ್ರೆ ಊರೋರು ನೀ ಬಂದಾಗೆಲ್ಲ ಅದ್ನೇ ಎತ್ತಾಡ್ತಾರೆ. ಆಮೇಲೆ ನೀನು ಬರಾದೇ ಬುಟ್ಬುಡ್ತೀಯ. ಸುಮ್ಕಿರು."

ಕೆಲವು ತಿಂಗಳಲ್ಲಿ ತೂತು ಮುಚ್ಚಿತು. ಬಲಗಿವಿ ಮಾತ್ರ ಸರಿಯಾಗಿ ಕೇಳಲೇ ಇಲ್ಲ. ಕಾಯಿ ನೋಡುವುದನ್ನು ಅವಳು ಎಡಗಿವಿಗೆ ಕಲಿಸಿಕೊಂಡಳು. ಮದುವೆ ಮನೆಯಲ್ಲಿ ಯಾರಾದರೂ ಬೆಂಕಿಕಡ್ಡಿ ಕಿವಿಗೆ ಹಾಕಿದರೆ ಕೈಯಿಂದ ಕಿತ್ತು, "ನನ್ ಗತಿ ನೋಡವ್ವ" ಎಂದು ತನ್ನ ಕಥೆ ಹೇಳುತ್ತಿದ್ದಳು. ಆ ಕಥೆಯಲ್ಲಿ ನಾನಿರುತ್ತಿರಲಿಲ್ಲ. ದೊಡ್ಡಪ್ಪ ನೆಂಟರ ಮುಂದೆಯೇ, "ತನ್ ಕಿವಿ ತಾನೇ ಚುಚ್ಕಂಡ ಪೆದ್ದಿ" ಎಂದು ರೇಗುತ್ತಿದ್ದರು. ನಾನು ಹೇಳಲು ಹೊರಟರೆ ಅವಳು ಕಣ್ಣಲ್ಲೇ ತಡೆಯುತ್ತಿದ್ದಳು.

ಹೋದ ವರ್ಷ ಒಂದು ಬೆಳಿಗ್ಗೆ, ಕೊಟ್ಟಿಗೆ ಗುಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳಂತೆ. ನಾನು ತಲುಪುವ ಹೊತ್ತಿಗೆ ಹೊರಗೆ ಮಲಗಿಸಿದ್ದರು.

ತಿಥಿ ಮುಗಿದ ಮಧ್ಯಾಹ್ನ ದೊಡ್ಡಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡರು.

"ಇಷ್ಟು ವರ್ಷ ನಾನು ಅವಳ್ನೇ ಬೈದ್ನಲ್ಲವ್ವಾ."