ಮುಳ್ಳುತಂತಿ ಕಿತ್ತ ಮೇಲೆ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸೌದಿಯ ಅಲ್ ಖರ್ಜ್‌ನಲ್ಲಿ ನಾವು ಕೆಲಸಕ್ಕಿದ್ದ ಕುದುರೆ ಫಾರ್ಮಿನ ಮೇಲೆ ಧೂಳಿನ ಗಾಳಿ ಎದ್ದಿತು. ಹೊಸ ಹುಲ್ಲುಗಾವಲಿಗೆ ಬಿಟ್ಟಿದ್ದ ಗಬ್ಬದ ಕುದುರೆ ಬೆದರಿ ಓಡಿ, ನೇರ ಮುಳ್ಳುತಂತಿಗೆ ಎದೆ ಕೊಟ್ಟಿತು. ತಂತಿ ಕಿರುಗುಟ್ಟಿದ ಆ ಸದ್ದು ಈಗಲೂ ಕೇಳಿಸುತ್ತದೆ.

ಆ ಬೇಲಿ ಹಾಕಿಸಿದ್ದು ಬಂಟ್ವಾಳ ಕಡೆಯ ನಮ್ಮ ಮೇಸ್ತ್ರಿ. “ಎಂತ ಮಾರಾಯ, ಊರಲ್ಲಿ ಗದ್ದೆಗೆಲ್ಲ ಇದೇ ಅಲ್ವಾ? ಒಂದು ಸಲ ಚುಚ್ಚಿದರೆ ದನ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ” ಎಂದಿದ್ದರು. ದನವೇನೋ ಹಾಗೆ ಕಲಿಯುತ್ತದೆ. ಹೆದರಿದ ಕುದುರೆ ಮುಂದೇನಿದೆ ಎಂದು ನೋಡುವುದೇ ಇಲ್ಲ. ಸಿಕ್ಕಿಕೊಂಡರೆ ಇನ್ನಷ್ಟು ಎಳೆದಾಡುತ್ತದೆ.

ನಾನು ಅದರ ಕುತ್ತಿಗೆ ಅಪ್ಪಿ ಹಿಡಿದೆ, ಮೇಸ್ತ್ರಿ ತಂತಿ ಕತ್ತರಿಸಿದರು. ಪಶುವೈದ್ಯರು ಹೊಲಿಗೆ ಹಾಕಿ, “ತಾಯಿ ಬದುಕುತ್ತದೆ, ಮರಿಯದ್ದು ಹೇಳಲಾರೆ” ಎಂದರು.

ನಮ್ಮನ್ನು ಕೆಲಸಕ್ಕಿಟ್ಟುಕೊಂಡ ಅರಬ್ ಮಾಲೀಕರು, ಕಫೀಲ್, ಬೈಯಲಿಲ್ಲ. “ಯಲ್ಲಾ, ಬೇರೆ ಬೇಲಿ ಹಾಕಿ” ಎಂದರು, ಅಷ್ಟೆ. ಮರದ ಹಲಗೆ ಆ ಬಿಸಿಲಿಗೆ ಸೀಳುತ್ತದೆ. ಕರೆಂಟಿನ ತಂತಿಗೆ ಒಣ ಮರಳಿನಲ್ಲಿ ಸರಿಯಾಗಿ ಅರ್ಥಿಂಗ್ ಸಿಗುವುದಿಲ್ಲ. ಕೊನೆಗೆ ಕಬ್ಬಿಣದ ಪೈಪನ್ನೇ ಆರಿಸಿದೆವು. ಧೂಳಿನಲ್ಲೂ ಕಾಣಲೆಂದು ಬಿಳಿ ಬಣ್ಣ ಬಳಿಸಿ, ಕುದುರೆ ಮೂಲೆಯಲ್ಲಿ ಸಿಲುಕದಂತೆ ಅಲ್ಲಿ ಪೈಪನ್ನು ದುಂಡಗೆ ಬಗ್ಗಿಸಿದೆವು.

ಆದರೂ ಗಾಳಿ ಬೀಸಿದರೆ ಸಾಕು, ರಾತ್ರಿ ನಾನೂ ಮೇಸ್ತ್ರಿಯೂ ಎದ್ದು ಕೂರುತ್ತಿದ್ದೆವು. ಮರಿ ಹುಟ್ಟಿ, ತಾಯಿಯ ಜೊತೆ ಮೊದಲ ಬಾರಿ ಹೊರಗೆ ಬಂದ ದಿನ ಅದು ಪೈಪಿನುದ್ದಕ್ಕೂ ಹುಚ್ಚಾಪಟ್ಟೆ ಓಡಿತು. ನಾವು ಉಸಿರು ಹಿಡಿದು ನಿಂತೆವು. ದುಂಡು ಮೂಲೆಯಲ್ಲಿ ಅದು ತಾನಾಗಿ ತಿರುಗಿ ವಾಪಸು ಬಂತು. ಅಂದು ಮಲಗಿದ ನಮಗೆ ಮಸೀದಿಯ ಬೆಳಗಿನ ಬಾಂಗ್ ಕೂಡ ಕೇಳಿಸಲಿಲ್ಲ.