ಬಿ ಡಿವಿಷನ್ ತಂಡದಲ್ಲಿ ತಂಗಿಯ ಜಾಗ

ಸ್ವಲ್ಪ ತಾಳಿ. ಬಾಸ್ಕೆಟ್‌ಬಾಲ್ ಅಂದ ಕೂಡಲೇ ಬೆರಳಾಡಿಸಿ ಮುಂದಕ್ಕೆ ಹೋಗಿಬಿಡಬೇಡಿ. ನಾನು ಹೇಳಹೊರಟಿರುವುದು ನೀವು ಟಿವಿಯಲ್ಲಿ ನೋಡುವ ಅಮೆರಿಕದ ಆಟದ ಬಗ್ಗೆ ಅಲ್ಲ. ಅದರ ಬಗ್ಗೆ ಮಾತಾಡಲು ಡಾಲಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನದು ಯಾರೂ ನೋಡದ ಆಟ. ಯುರೋಪಿನ ದೇಶಗಳ ಹದಿನೆಂಟರ ಒಳಗಿನ ಹುಡುಗಿಯರ ಪಂದ್ಯಾವಳಿ, ಅದರಲ್ಲೂ ಎರಡನೆಯ ದರ್ಜೆಯದು. ಬಿ ಡಿವಿಷನ್.

ಗಟ್ಟಿ ತಂಡಗಳೆಲ್ಲ ಎ ಡಿವಿಷನ್‌ನಲ್ಲಿ ಆಡುತ್ತವೆ. ಉಳಿದ ದೇಶಗಳು ಬೇಸಿಗೆಯಲ್ಲಿ ಯಾವುದೋ ಸಣ್ಣ ಊರಿನಲ್ಲಿ ಸೇರಿ, ಮೇಲಕ್ಕೆ ಹೋಗುವ ಮೂರೇ ಮೂರು ಜಾಗಕ್ಕೆ ಬಡಿದಾಡುತ್ತವೆ. ಗ್ಯಾಲರಿಯಲ್ಲಿ ಆಟಗಾರ್ತಿಯರ ಅಪ್ಪ ಅಮ್ಮಂದಿರು ಬಿಟ್ಟರೆ ಡೋಲು ಬಾರಿಸುವವನೊಬ್ಬ. ಒಂದೇ ಕ್ಯಾಮೆರಾ. ಎಷ್ಟೋ ಸಲ ವೀಕ್ಷಕ ವಿವರಣೆಯೂ ಇರುವುದಿಲ್ಲ, ಬೂಟುಗಳ ಕಿರ್ರ್ ಸದ್ದು ಮಾತ್ರ. ಅಲ್ಲಿ ಸಂಜೆ ಅಂದರೆ ನಮಗೆ ಬೆಳಗ್ಗೆ. ಡಾಲಸ್ ಪಕ್ಕದ ಲೂಯಿಸ್‌ವಿಲ್‌ನ ನನ್ನ ಅಪಾರ್ಟ್‌ಮೆಂಟಿನಲ್ಲಿ ಒಂದು ಪರದೆಯ ಮೇಲೆ ಆಫೀಸಿನ ಮೀಟಿಂಗ್, ಇನ್ನೊಂದರ ಮೇಲೆ ಈ ಹುಡುಗಿಯರು. ನಾನು ಯಾವ ತಂಡದಲ್ಲೂ ಆಡಿದವನಲ್ಲ, ಯಾರ ಹತ್ತಿರವೂ ಕಲಿತವನಲ್ಲ. ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡಿ, ಯಾರು ಯಾರಿಗೆ ಅಡ್ಡ ನಿಂತರು, ಯಾಕೆ ನಿಂತರು ಅಂತ ತಲೆ ಕೆರೆದುಕೊಂಡು ಕಲಿತದ್ದು. ಅದರ ಖುಷಿ ಹೇಗೆ ಹೇಳಲಿ? ದೊಡ್ಡವರ ಆಟದಲ್ಲಿ ತಪ್ಪು ಕಾಣುವುದೇ ಇಲ್ಲ. ಇಲ್ಲಿ ತಪ್ಪೂ ಕಾಣುತ್ತದೆ, ಆ ತಪ್ಪನ್ನು ಮುಂದಿನ ಸಲ ತಿದ್ದಿಕೊಳ್ಳುವ ಹುಡುಗಿಯ ಮುಖವೂ ಕಾಣುತ್ತದೆ.

"ಯಾರೋ ಇವ್ರು? ನಮ್ಮ ಕಾಲೇಜ್ ಟೀಮೇ ಇವ್ರಿಗಿಂತ ವಾಸಿ ಇತ್ತು ಕಣೋ," ಅನ್ನುತ್ತಿದ್ದ ಮೈಸೂರಿನ ನನ್ನ ರೂಮ್‌ಮೇಟ್. ಅನ್ನಲಿ. ನನಗೆ ನೋಡಲು ಇನ್ನೊಂದು ಕಾರಣವಿತ್ತು.

ನನ್ನ ತಂಗಿ ಹುಟ್ಟಿದ್ದು ಆ ದೇಶಗಳಲ್ಲೊಂದರಲ್ಲಿ. ದೇಶದ ಹೆಸರು ಬೇಡ, ಆ ತಂಡದ ಹುಡುಗಿಯರು ಇನ್ನೂ ಆಡುತ್ತಿದ್ದಾರೆ. ಧಾರವಾಡದಲ್ಲಿ ಡಾಕ್ಟರಿಕೆ ಓದಿದ ಅಪ್ಪ ಹ್ಯೂಸ್ಟನ್‌ಗೆ ಬರುವ ಮೊದಲು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. ನಾನಾಗ ಪುಟ್ಟ ಹುಡುಗ. ಮಳೆ, ಇಟ್ಟಿಗೆ ಮನೆ, ಅಮ್ಮ ಹೀಟರ್ ಮೇಲೆ ಕೂಸಿನ ಬಟ್ಟೆ ಒಣಗಿಸುತ್ತಿದ್ದದ್ದು, ಇಷ್ಟೇ ನೆನಪು. ತಂಗಿಗೆ ಅದೂ ಇಲ್ಲ. ಅವಳು ಬೆಳೆದದ್ದು ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ. ಬೀದಿಗೆ ಬೀದಿಯೇ ಹೊಸದಾಗಿದ್ದ ಬಡಾವಣೆಯಲ್ಲಿ ನಮ್ಮ ಡ್ರೈವ್‌ವೇ ತುದಿಯ ಬಾಸ್ಕೆಟ್ ಕಂಬವೇ ಎಲ್ಲ ಮರಗಳಿಗಿಂತ ಎತ್ತರವಾಗಿತ್ತು. ಅವಳು ಮಾತ್ರ ಎತ್ತರವಲ್ಲ. ಆದರೆ ಚೆಂಡು ಅವಳ ಕೈಯಲ್ಲಿದ್ದರೆ ಕಸಿದುಕೊಳ್ಳುವುದು ಸುಲಭವಿರಲಿಲ್ಲ. ತಂಡಕ್ಕಾಗಿ ಚೆಂಡನ್ನು ಮುಂದಕ್ಕೆ ತಂದು, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಪಾಯಿಂಟ್ ಗಾರ್ಡ್ ಅವಳು.

ಅವಳು ಹುಟ್ಟಿದ ದೇಶದ ತಂಡಕ್ಕೆ ಇಲ್ಲದಿದ್ದದ್ದೂ ಅಂಥವಳೇ. ಎದುರಾಳಿಗಳು ಮುಂದೆ ಬಂದು ಒತ್ತಿದರೆ ಸಾಕು, ಚೆಂಡು ಅರ್ಧ ಅಂಗಳ ದಾಟುತ್ತಿರಲಿಲ್ಲ. ಒಂದು ಬೆಳಗ್ಗೆ ನೋಡುತ್ತಾ ನೋಡುತ್ತಾ ತಲೆಯಲ್ಲಿ ದೀಪ ಹತ್ತಿದಂತಾಯಿತು. ಮೀಟಿಂಗ್ ಮುಗಿಯುವವರೆಗೂ ಕಾಯದೆ ಮನೆಗೆ ಫೋನ್ ಮಾಡಿದೆ. ಅಲ್ಲಿ ಹುಟ್ಟಿದವಳಿಗೆ ಅಲ್ಲಿನ ಪೌರತ್ವ ಕೇಳುವ ಹಕ್ಕಿದೆ, ಕೇಳೋಣ, ಆ ತಂಡಕ್ಕೆ ಆಡಲಿ ಅಂದೆ. ತಂಗಿಗೆ ಆಗ ಹದಿನೈದು. ಫೋನಿನಲ್ಲಿ ಅವಳ ಕಿರುಚಾಟ ಕೇಳಿಸಿತು. ಆಮೇಲೆ ಅಪ್ಪನ ದನಿ.

"ಹಂಗಂದ್ರ ಅಕಿ ಇಂಡಿಯಾ ಪಾಸ್‌ಪೋರ್ಟ್ ತಿರುಗಿ ಕೊಡಬೇಕಾಗ್ತದಲ್ಲೋ. ಮನಸಿಗೆ ಬರವಲ್ದು ನನಗ."

ಆ ಮನಸ್ಸು ಬರಲು ತಿಂಗಳುಗಳು ಹಿಡಿದವು. ನಾವು ಎಲ್ಲೆಲ್ಲಿ ಮನೆ ಮಾಡಿದರೂ ಅಪ್ಪ ಆ ನೀಲಿ ಪುಸ್ತಕಗಳನ್ನು ದೇವರ ಕೋಣೆಯ ಕಪಾಟಿನಲ್ಲೇ ಇಡುತ್ತಿದ್ದವರು. ಕೊನೆಗೆ ಬೇಸಿಗೆ ರಜೆಯಲ್ಲಿ ಒಪ್ಪಿದರು. ಆಸ್ಟಿನ್‌ಗೆ ಹೋಗಿ ಅಲ್ಲಿರುವ ಆ ದೇಶದ ಕಾನ್ಸುಲೇಟ್ ಕಚೇರಿಯಲ್ಲಿ ಅರ್ಜಿ ಕೊಡಲು ದಿನವೂ ಗೊತ್ತಾಯಿತು. ಹೊರಡುವ ಹಿಂದಿನ ದಿನ ಅಮ್ಮ ಕ್ಯಾಲೆಂಡರ್ ನೋಡಿದಳು.

"ಆಷಾಢ ಅದ. ಜೀವನಾನs ಬದಲಾಗೂ ಕೆಲಸ, ಆಷಾಢದಾಗ ಯಾರು ಸುರು ಮಾಡ್ತಾರ? ಶ್ರಾವಣ ಬರಲಿ. ಅಲ್ಲೀತನಕ ಏನು ಗಂಟು ಹೋಗ್ತದ?"

ನಮ್ಮಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಈ ಮನೆಗೆ ಹೊಕ್ಕಿದ್ದೂ, ಅಪ್ಪ ಕ್ಲಿನಿಕ್ ತೆರೆದದ್ದೂ ಆಷಾಢ ಕಳೆದ ಮೇಲೆಯೇ. ಆ ನಡುವೆ ತಂಗಿಗೆ ಹದಿನಾರು ತುಂಬಿತು, ಕೇಕ್ ಕತ್ತರಿಸಿದೆವು. ಶ್ರಾವಣದ ಮೊದಲ ಶುಕ್ರವಾರ ಲಕ್ಷ್ಮಿಗೆ ಕೈಮುಗಿದು, ಬುತ್ತಿ ಕಟ್ಟಿಕೊಂಡು, ಎಲ್ಲರೂ ಆಸ್ಟಿನ್‌ಗೆ ಡ್ರೈವ್ ಮಾಡಿದೆವು. ಪಾಸ್‌ಪೋರ್ಟ್ ಬಂದಾಗ ಅಮ್ಮ ಅದಕ್ಕೂ ಕುಂಕುಮ ಹಚ್ಚಿದಳು.

ಆಮೇಲಿನದೆಲ್ಲ ಎಷ್ಟು ಸಲೀಸಾಗಿ ಆಯಿತೆಂದರೆ, ಈಗ ನೆನೆದರೆ ಮೈ ಉರಿಯುತ್ತದೆ. ಆಸ್ಟಿನ್‌ನ ಆಚೆ ಲಿಯಾಂಡರ್‌ನ ಜಿಮ್‌ನಲ್ಲಿ ಅವಳ ಕ್ಲಬ್ ಆಡಿದ ಪಂದ್ಯಗಳನ್ನು ನಾನೇ ಚಿತ್ರೀಕರಿಸಿದೆ, ಕತ್ತರಿಸಿ ಜೋಡಿಸಿದೆ, ಆ ದೇಶದ ಕೋಚ್‌ಗೆ ಕಳಿಸಿದೆ. ಅವರೇ ಫೋನ್ ಮಾಡಿದರು. ವಸಂತದಲ್ಲಿ ತರಬೇತಿ ಶಿಬಿರಕ್ಕೆ ಬಾ ಅಂದರು. ಹೋಗಿ ಬಂದ ತಂಗಿ ವಿಮಾನ ನಿಲ್ದಾಣದಿಂದ ಮನೆಯವರೆಗೆ ಬಾಯಿ ಮುಚ್ಚಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಅಮ್ಮನಿಗೆ ಖುಷಿಯಾಗಲಿ ಅಂತ ಕನ್ನಡದಲ್ಲೇ ಹೇಳಿದಳು.

"ಅಮ್ಮಾ, ಅವ್ರು ನನಗ ನಂಬರ್ ಕೊಟ್ರು. ಐ ಮೀನ್, ಜರ್ಸಿ ನಂಬರ್. ನನ್ನs ನಂಬರ್."

ಅಮ್ಮ ಸುಮ್ಮನಿರುತ್ತಾಳೆಯೇ? ಪಕ್ಕದೂರು ಕೇಟಿಯಿಂದ ಫುಲ್‌ಶೀರ್‌ವರೆಗಿನ ಕನ್ನಡದವರಿಗೆಲ್ಲ ಸುದ್ದಿ ಹೋಯಿತು. ಒಂದು ಶನಿವಾರ ಬೆಳಗ್ಗೆ ಎಲ್ಲರೂ ನಮ್ಮ ಮನೆಗೆ ಬಂದು, ದೊಡ್ಡ ಟಿವಿಯಲ್ಲಿ ಅವಳ ಪಂದ್ಯ ನೋಡಿ, ಊಟ ಮಾಡುವುದೆಂದಾಯಿತು. ಪಕ್ಕದ ಬೀದಿಯ ಮೈಸೂರು ಆಂಟಿಗೆ ಒಂದೇ ಅನುಮಾನ.

"ಬಿ ಸೆಕ್ಷನ್ ಅಂತೀರಲ್ಲ. ಅಷ್ಟು ದೂರ ಕಳ್ಸೋದಾದ್ರೆ ಎ ಸೆಕ್ಷನ್‌ಗೇ ಹಾಕ್ಬೋದಿತ್ತಲ್ವಾ?"

ಪಂದ್ಯಾವಳಿಗೆ ಹೊರಡುವ ಮೊದಲು ಕೋಚ್ ಮತ್ತೆ ಫೋನ್ ಮಾಡಿದರು. ನಾನು ವಾರಾಂತ್ಯಕ್ಕೆ ಮನೆಗೆ ಬಂದಿದ್ದೆ. ತಂಗಿ ಸ್ಪೀಕರ್ ಹಾಕಿದಳು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಹೇಳಲಿಲ್ಲ. ತಂಡದವರ ಹೆಸರು ನೋಂದಾಯಿಸಲು ಹೋದಾಗ ತಿಳಿಯಿತಂತೆ. ಹುಟ್ಟಿನಿಂದ ಹಕ್ಕಿದ್ದರೂ, ಹದಿನಾರು ತುಂಬುವ ಮೊದಲು ಆ ಹಕ್ಕನ್ನು ಕೇಳಿರಬೇಕು. ಆಮೇಲೆ ಕೇಳಿದವರು ಹೊರಗಿನಿಂದ ಬಂದವರ ಲೆಕ್ಕ. ಅಂಥವರು ತಂಡಕ್ಕೆ ಒಬ್ಬರೇ ಇರಬಹುದು. ಆ ಒಂದು ಜಾಗಕ್ಕೆ ಇನ್ನೊಬ್ಬಳು ಹುಡುಗಿ ಇದ್ದಳು. ಆರಡಿ ಮೀರಿದವಳು, ಬುಟ್ಟಿಯ ಕೆಳಗೆ ನಿಲ್ಲುವವಳು. ಕೋಚ್ ಅವಳನ್ನು ಆರಿಸಿದ್ದರು.

"ಐ ಆಮ್ ಸೋ ಸಾರಿ," ಅಂದರು. ತಂಗಿ "ಇಟ್ಸ್ ಓಕೆ" ಅಂದಳು. ಎರಡು ಸಲ ಅಂದಳು.

ಅಮ್ಮನಿಗೆ ಇಂಗ್ಲಿಷ್ ಬರುತ್ತದೆ. ಆದರೂ ಅಪ್ಪನ ಕಡೆ ತಿರುಗಿ ಕೇಳಿದಳು. "ಹೊರಗಿನಾಕಿ ಅಂದ್ರ ಏನ್ರಿ? ಅದs ಊರಿನ ದವಾಖಾನ್ಯಾಗ ನಾನs ಹಡದೀನಿ. ಹೊರಗಿನಾಕಿ ಹೆಂಗ ಆಗ್ತಾಳ?"

ನಾನು ಕಂಪ್ಯೂಟರ್ ತೆರೆದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮಗಳನ್ನು ಹುಡುಕಿದೆ. ಕೋಚ್ ಹೇಳಿದ್ದು ನಿಜ. ಇದು ಈ ವರ್ಷಕ್ಕೆ ಮುಗಿಯುವಂಥದ್ದೂ ಅಲ್ಲ. ಮುಂದಿನ ವಯಸ್ಸಿನ ತಂಡದಲ್ಲಿ, ಅದರಾಚೆ ದೊಡ್ಡವರ ತಂಡದಲ್ಲಿ, ಎಲ್ಲಿ ಹೋದರೂ ಅವಳಿಗಿರುವುದು ಆ ಒಂದೇ ಜಾಗ. ಬುಟ್ಟಿಯ ಕೆಳಗೆ ನಿಲ್ಲುವ ಹುಡುಗಿಗೂ ಅವಳದೇ ವಯಸ್ಸು. ಅದನ್ನು ಜೋರಾಗಿ ಓದಬಾರದಿತ್ತು. ಓದುತ್ತಿದ್ದಾಗ ಅಮ್ಮ ಕ್ಯಾಲೆಂಡರ್ ತೂಗುಹಾಕಿದ್ದ ಗೋಡೆಯ ಕಡೆ ನೋಡಿ, ತಟ್ಟನೆ ಕಣ್ಣು ಬೇರೆಡೆ ಹೊರಳಿಸಿದಳು.

"ಆಷಾಢ ಆಷಾಢ ಅಂತ ನಾನs ಬಾಯಿ ಬಡಕೊಂಡೆ," ಅಂದಳು.

"ಅದಕ್ಕೂ ಮೊದಲ ಅಷ್ಟು ತಿಂಗಳು ಕೂತಾಂವ ನಾನು," ಅಂದರು ಅಪ್ಪ. "ಬಿಡು."

ಬಿಡಲು ಯಾರಿಗೂ ಆಗಲಿಲ್ಲ. ಅಮ್ಮನಿಗೆ ಇನ್ನೊಂದೂ ಆಗಲಿಲ್ಲ, ಜನರಿಗೆ ಹೇಳಲು. "ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ" ಅನ್ನುತ್ತಲೇ ಆ ಶನಿವಾರ ಬಂತು. ಮನೆಯ ಮುಂದೆ ಕಾರುಗಳು ನಿಂತವು. ಬಾಗಿಲು ತೆರೆದವಳು ತಂಗಿ. ಮೈಸೂರು ಆಂಟಿ ಪುಳಿಯೋಗರೆಯ ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಯ್ಯೋ, ನೀನಿಲ್ಲೇ ಇದ್ದೀಯಲ್ಲೇ ಪುಟ್ಟಿ! ಹಾಗಾದ್ರೆ ಮ್ಯಾಚು ರೆಕಾರ್ಡಿಂಗಾ?"

"ಇಲ್ಲ ಆಂಟಿ, ಲೈವ್. ನಾನಿಲ್ಲ ಅದ್ರಲ್ಲಿ. ಕಮ್ ಇನ್ಸೈಡ್."

ಬಂದವರನ್ನು ಹಾಗೇ ಕಳಿಸಲಾಗುತ್ತದೆಯೇ? ಟಿವಿ ಹಾಕಿದೆ. ಎಲ್ಲರೂ ತಟ್ಟೆ ಹಿಡಿದು, ಸಾವಿನ ಮನೆಗೆ ಬಂದವರ ಹಾಗೆ ಮೆಲ್ಲಗೆ ಮಾತಾಡುತ್ತಾ ಕೂತರು. ಗೆದ್ದರೆ ಆ ತಂಡ ಎ ಡಿವಿಷನ್‌ಗೆ ಹೋಗುವ ಪಂದ್ಯ ಅದು. ಆರಡಿ ಹುಡುಗಿ ಅದ್ಭುತವಾಗಿ ಆಡಿದಳು. ಕೆಟ್ಟದಾಗಿ ಆಡಿದ್ದರೆ ಕೋಚನ್ನು ಬೈದಾದರೂ ಸಮಾಧಾನಪಡಬಹುದಿತ್ತು. ಚೆಂಡು ಬುಟ್ಟಿಗೆ ತಾಗಿ ಚಿಮ್ಮಿದಾಗೆಲ್ಲ ಅವಳ ಕೈಗೇ ಬೀಳುತ್ತಿತ್ತು. ಅವಳಿಲ್ಲದಿದ್ದರೆ ಆ ತಂಡ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ.

ಕೊನೆಯ ಭಾಗದಲ್ಲಿ ಎದುರಾಳಿಗಳು ಮುಂದೆ ಬಂದು ಒತ್ತಲು ಶುರು ಮಾಡಿದರು. ಚೆಂಡು ತರಬೇಕಾದ ಹುಡುಗಿ ಒಮ್ಮೆ ಕಳೆದುಕೊಂಡಳು. ಮತ್ತೆ ಕಳೆದುಕೊಂಡಳು. ನನ್ನ ಪಕ್ಕದಲ್ಲಿದ್ದ ತಂಗಿ ಪರದೆಯ ಕಡೆಗೆ ಬಾಗಿ, ನನಗೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ "ಲೆಫ್ಟ್... ಲೆಫ್ಟ್... ಲುಕ್ ಲೆಫ್ಟ್" ಅನ್ನುತ್ತಿದ್ದಳು. ಎಡಕ್ಕೆ ಒಬ್ಬಳು ಒಂಟಿಯಾಗಿ ಕೈಯೆತ್ತಿ ನಿಂತಿದ್ದಳು. ಯಾರೂ ಆ ಕಡೆ ನೋಡಲಿಲ್ಲ.

"ನೀನಿದ್ದಿದ್ರೆ ಗೆಲ್ತಿದ್ರು ಬಿಡು," ಅಂದರು ಆಂಟಿ, ಪಂದ್ಯ ಮುಗಿದ ಮೇಲೆ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ತಂಗಿ ಎದ್ದು ಎಲ್ಲರ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಅಡುಗೆಮನೆಗೆ ಹೋದಳು. ಹಿಂದೆ ಹೋದೆ. ನಲ್ಲಿ ಬಿಟ್ಟು ನಿಂತಿದ್ದಳು.

"ಅವಳು ನನ್ನ ಫ್ರೆಂಡ್ ಗೊತ್ತಾ, ಅಣ್ಣ?" ಅಂದಳು. "ಆ ಪಾಯಿಂಟ್ ಗಾರ್ಡ್. ಕ್ಯಾಂಪ್‌ನಾಗ ನಾವಿಬ್ರೂ ಒಂದs ರೂಮ್. ಅವಳು ಟರ್ನ್‌ಓವರ್ ಮಾಡಿದಾಗ, ಬಾಲ್ ಕಳಕೊಂಡಾಗ, ನನಗ ಖುಷಿ ಆತು. ಐ ವಾಸ್ ಹ್ಯಾಪಿ. ನನಗ ಇದು ಬ್ಯಾಡ ಅಣ್ಣ. ಐ ಡೋಂಟ್ ವಾಂಟ್ ಟು ಬಿ ದಿಸ್."

ಏನು ಹೇಳಲಿ? ಅಷ್ಟು ಪಂದ್ಯ ನೋಡಿದವನು ನಾನು. ಒತ್ತಡದಿಂದ ಹೇಗೆ ಪಾರಾಗಬೇಕೆಂದು ಗಂಟೆಗಟ್ಟಲೆ ಹೇಳಬಲ್ಲೆ. ಅವತ್ತು ಅವಳ ಪಕ್ಕ ನಿಂತು ತಟ್ಟೆ ತೊಳೆದೆ.

ಶಾಲೆಯ ಕೊನೆಯ ವರ್ಷ ಅವಳು ಇಲ್ಲಿನ ಕ್ಲಬ್ ತಂಡವನ್ನೂ ಬಿಟ್ಟಳು. ಓದು ಜಾಸ್ತಿ ಅಂದಳು, ಅಪ್ಪ ಅಮ್ಮ ಮರುಮಾತಾಡಲಿಲ್ಲ. ಮೊದಲಾಗಿದ್ದರೆ ಅಮ್ಮ ಜಗಳಕ್ಕೇ ನಿಲ್ಲುತ್ತಿದ್ದಳು. ಈಗ ಮಗಳ ವಿಷಯದಲ್ಲಿ ಯಾವುದಕ್ಕೂ ಬೇಡ ಅನ್ನಲು ಅವಳಿಗೆ ಹೆದರಿಕೆ.

ತಂಗಿ ಈಗ ಆಸ್ಟಿನ್‌ನಲ್ಲಿ ಓದುತ್ತಿದ್ದಾಳೆ. ಹೋದ ತಿಂಗಳು ನೋಡಲು ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಅವಳ ಹಾಸ್ಟೆಲ್ ಹತ್ತಿರದ ಬಯಲು ಅಂಗಳದ ಪಕ್ಕ ನಡೆಯುತ್ತಿದ್ದೆವು. ಕೆಲವು ಹುಡುಗಿಯರು ಆಡುತ್ತಿದ್ದರು, ಒಬ್ಬರು ಕಡಿಮೆ ಇದ್ದರು. ಅವರಲ್ಲೊಬ್ಬಳು ಕಂಬಿಬೇಲಿಗೆ ಕೈಯಿಟ್ಟು ಕೂಗಿ ಕೇಳಿದಳು, ನಮ್ಮ ಕಡೆ ಒಬ್ಬಳು ಬೇಕು, ಬರ್ತೀಯಾ, ಬಾಸ್ಕೆಟ್‌ಬಾಲ್ ಆಡ್ತೀಯಾ ಅಂತ.

ತಂಗಿ ನಕ್ಕು ಇಲ್ಲವೆಂದು ತಲೆಯಾಡಿಸಿದಳು. "ಸಾರಿ, ನಾನು ಯಾವತ್ತೂ ಆಡಿಲ್ಲ," ಅಂದಳು ಇಂಗ್ಲಿಷ್‌ನಲ್ಲಿ. ಎಷ್ಟು ಸಹಜವಾಗಿ ಅಂದಳೆಂದರೆ, ಒಂದು ಕ್ಷಣ ನಾನೂ ನಂಬಿದೆ. ಆ ಹುಡುಗಿಯರು ಬೇರೆ ಯಾರನ್ನೋ ಕರೆದರು. ನಾವು ಕಾರಿನವರೆಗೆ ನಡೆದೆವು. ಅಂಗಳದ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಇಷ್ಟೇ. ಇದರಲ್ಲಿ ಕಲಿಯುವಂಥದ್ದೇನೂ ನನಗೆ ಸಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಒಂದು ದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ಬೆಳೆದ ಮಕ್ಕಳಿರಬಹುದು, ಆಟವೋ ಸಂಗೀತವೋ ಇನ್ನೇನೋ ಹೀಗೆ ಕೈತಪ್ಪಿರಬಹುದು. ಆಮೇಲೆ ಆ ಮಕ್ಕಳು ಮತ್ತೆ ಅದನ್ನು ಮುಟ್ಟಿದರೇ? ಮುಟ್ಟಿದ್ದರೆ ಹೇಗೆ, ನೀವೇನು ಮಾಡಿದಿರಿ, ಏನು ಮಾಡದೆ ಸುಮ್ಮನಿದ್ದಿರಿ? ಕೆಳಗೆ ಬರೆಯಿರಿ. ಮುಟ್ಟಲೇ ಇಲ್ಲ ಅಂತಾದರೂ ಬರೆಯಿರಿ. ತಂಗಿಗೆ ಕನ್ನಡ ಓದಲು ಬರುವುದಿಲ್ಲ. ನಾನು ಓದುತ್ತೇನೆ.